ಸೋದರತ್ತೆಯ ಬೆನ್ನು

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕಂಪ್ಲಿ
12 ಜುಲೈ 2006

ಚಿರಂಜೀವಿ ಶೈಲಶ್ರೀಗೆ ಅವ್ವನ ಆಶೀರ್ವಾದ.

ಲಿಂಗಪೂಜೆ ಮುಗಿಸಿ ಏಳುತ್ತಿದ್ದಾಗ ನಿನ್ನ ಪತ್ರ ಬಂತು. ವಿಭೂತಿ ಕೈಯಲ್ಲೇ ಲಕೋಟೆ ಒಡೆದೆ. ಫೋನಿನಲ್ಲಿ ಇದನ್ನೆಲ್ಲ ಮಾತಾಡಲು ಆಗುವುದಿಲ್ಲ ಎಂದು ಬರೆದಿದ್ದೀ, ನಿಜ. ಫೋನ್ ಇರುವುದು ನಮ್ಮ ಅಕ್ಕಿ ಮಿಲ್ಲಿನಲ್ಲಿ, ನಿಮ್ಮಪ್ಪನ ಮೊಣಕೈ ಪಕ್ಕ. ನಾನು ಹಲೋ ಅಂದರೆ ಭತ್ತ ತಂದವರೆಲ್ಲ ಕಿವಿ ಇತ್ತ ತಿರುಗಿಸುತ್ತಾರೆ.

ನೀನು ಓದುತ್ತಿರುವ ವಿಷಯದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಂಜಿನಯ್ಯ ಮಾಸ್ತರರ ಮನೆಗೆ ಹೋಗಿದ್ದೆ. ಹೈಸ್ಕೂಲಿನಲ್ಲಿ ನಿನಗೆ ಇಂಗ್ಲಿಷ್ ಕಲಿಸಿದವರು, ಅವರಿಗೆ ತಿಳಿಯದ್ದು ಇರುತ್ತದೆಯೇ ಎಂದುಕೊಂಡೆ. 'ಕ್ವೀರ್ ಥಿಯರಿ' ಎಂದು ಓದಿದರು. ಡಿಕ್ಷನರಿ ತೆಗೆದು, ಕ್ವೀರ್ ಅಂದರೆ ವಿಚಿತ್ರ, ಸೊಟ್ಟ. ಥಿಯರಿ ಅಂದರೆ ಸಿದ್ಧಾಂತ ಎಂದರು. ಸೊಟ್ಟ ಸಿದ್ಧಾಂತ ಕಲಿಯಲು ಹೈದರಾಬಾದಿನವರೆಗೆ ಯಾಕೆ ಹೋಗಬೇಕು ಎಂದು ಕೇಳಿದೆ. ಮಾಸ್ತರರು ಪುಟದ ಕೆಳಗೆ ಇನ್ನೇನನ್ನೋ ಓದಿದರು. ಓದಿದವರೇ ಪುಸ್ತಕ ಮುಚ್ಚಿ, ಹೆಂಡತಿಗೆ ಚಹಾ ಇಡಲು ಹೇಳಿದರು. "ಜಂಬಮ್ಮಾರ, ಇದನ್ನ ಮಗಳನ್ನ ಕೇಳೋದ ಚಲೋರಿ" ಎಂದು ಅಷ್ಟೇ ಅಂದರು. ಚಹಾ ಮಾತ್ರ ಚೆನ್ನಾಗಿತ್ತು.

ಆದ್ದರಿಂದ ಮಗಳನ್ನೇ ಕೇಳುತ್ತಿದ್ದೇನೆ. ನಾನು ರಾಮಸಾಗರದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಅಷ್ಟಕ್ಕೆ ತಿಳಿಯುವ ಹಾಗೆ ಬರೆ.

ನಿನ್ನ ಅತ್ತಿಗೆ ಸುನಿತಾಗೆ ಐದು ತಿಂಗಳು ತುಂಬಿತು. ಹುಳಿ ಕಂಡರೆ ಬಿಡುವುದಿಲ್ಲ. ನಿಮ್ಮಣ್ಣ ಹಾಲೇಶ ಸಂಡೂರಿನಿಂದ ವಾರಕ್ಕೊಮ್ಮೆ ಅದಿರಿನ ಲಾರಿ ಬಿಟ್ಟು ಮನೆಗೆ ಬರುತ್ತಾನೆ. ಅವನು ಬಂದ ದಿನ ಬಚ್ಚಲಿನ ನೀರು ಕೆಂಪಗೆ ಹರಿಯುತ್ತದೆ. ಅವನ ಬನಿಯನ್ನುಗಳನ್ನು ಬಿಳಿ ಮಾಡುವ ಆಸೆಯನ್ನು ಸುನಿತಾ ಬಿಟ್ಟಿದ್ದಾಳೆ. ಹುಟ್ಟುವ ಕೂಸೂ ಕೆಂಪಗೇ ಇರುತ್ತದೆ ಎಂದು ಗಂಡನನ್ನು ಕಾಡಿಸುತ್ತಾಳೆ.

ಇನ್ನೊಂದು. ನಿನ್ನ ಪತ್ರದಲ್ಲಿ ಹೇಮಾವತಿ ಹೀಗೆಂದಳು, ಹೇಮಾವತಿ ಹಾಗೆ ಅಡಿಗೆ ಮಾಡಿದಳು, ಹೇಮಾವತಿಗೆ ಜ್ವರ ಬಂತು ಎಂದೇ ಅರ್ಧ ಹಾಳೆ ತುಂಬಿದೆ. ಯಶವಂತನಗರದ ಹುಡುಗಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ ಎಂದು ತಿಳಿಯಿತು. ಜ್ವರ ಹೋಯಿತೇ? ಅದನ್ನು ಬರೆಯಲೇ ಇಲ್ಲ.

ನಿನ್ನ ಅವ್ವ
ಜಂಬಮ್ಮ


ಹೈದರಾಬಾದ್
25 ಜುಲೈ 2006

ಅವ್ವಾ,

ಹೇಮಾಳ ಜ್ವರ ಹೋಗಿದೆ. ನೀನು ಕೇಳಿದೆ ಎಂದು ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಡಿಕ್ಷನರಿಯಲ್ಲಿ ಮಾಸ್ತರರು ಕಂಡದ್ದು ತಪ್ಪಲ್ಲ. ಆ ಪದಕ್ಕೆ ಮೊದಲಿದ್ದ ಅರ್ಥ ವಿಚಿತ್ರ ಎಂದೇ. ಆಮೇಲೆ ಇಂಗ್ಲಿಷ್ ಮಾತಾಡುವ ದೇಶಗಳ ಜನ ಅದನ್ನು ಬೈಗುಳ ಮಾಡಿಕೊಂಡರು. ಗಂಡಸನ್ನು ಪ್ರೀತಿಸುವ ಗಂಡಸಿಗೆ, ಹೆಂಗಸನ್ನು ಪ್ರೀತಿಸುವ ಹೆಂಗಸಿಗೆ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರಿಗೆ ಬೀದಿಯಲ್ಲಿ ಎಸೆಯುವ ಮಾತು ಅದಾಯಿತು. ಬೈಸಿಕೊಂಡವರು ಬಹಳ ಕಾಲ ತಲೆ ತಗ್ಗಿಸಿ ನಡೆದರು. ಒಂದು ದಿನ ತಲೆ ಎತ್ತಿ, ಹೌದು, ನಾವು ಅದೇ, ಏನೀಗ ಎಂದರು. ಎಸೆದ ಕಲ್ಲುಗಳನ್ನೇ ಆಯ್ದು ಕಟ್ಟೆ ಕಟ್ಟಿ ಅದರ ಮೇಲೆ ಕುಳಿತ ಹಾಗೆ. ಈಗ ಅದು ಅವರೇ ತಮ್ಮನ್ನು ಕರೆದುಕೊಳ್ಳುವ ಹೆಸರು. ಎಲ್ಲರಿಗೂ ಇಷ್ಟವಿಲ್ಲ. ಕಲ್ಲಿನ ಪೆಟ್ಟು ನೆನಪಿರುವ ವಯಸ್ಸಾದವರು ಇಂದಿಗೂ ಆ ಪದ ಬೇಡ ಎನ್ನುತ್ತಾರೆ.

ಥಿಯರಿ ಎಂದರೆ ಆ ಕಟ್ಟೆಯ ಮೇಲೆ ಕುಳಿತು ಊರನ್ನು ನೋಡುವುದು. ನಮ್ಮ ಕಂಪ್ಲಿಯ ಕಾಲುವೆ ನೆಟ್ಟಗೆ ಹರಿಯುತ್ತದೆ, ಅಲ್ಲವೇ? ದಿನಾ ನೋಡಿದರೆ ನೀರಿನ ಗುಣವೇ ನೆಟ್ಟಗೆ ಹರಿಯುವುದು ಎಂದು ಅನಿಸುತ್ತದೆ. ಆದರೆ ಅದನ್ನು ಯಾರೋ ಅಳೆದು, ತೋಡಿ, ದಂಡೆ ಕಟ್ಟಿದ್ದಾರೆ. ಗಂಡೆಂದರೆ ಹೀಗೆ, ಹೆಣ್ಣೆಂದರೆ ಹೀಗೆ, ಸಂಸಾರವೆಂದರೆ ಹೀಗೆ ಎಂಬುದೂ ತೋಡಿದ್ದೇ. ತೋಡಿದವರು ಯಾರು, ಯಾವಾಗ, ಯಾರಿಗೋಸ್ಕರ, ದಂಡೆಯ ಆಚೆ ಉಳಿದವರ ಗತಿ ಏನು ಎಂದು ಕೇಳುತ್ತಾ ಹೋಗುವುದೇ ನಾನು ಓದುವ ವಿಷಯ.

ಅವ್ವಾ, ಇಷ್ಟು ಬರೆದು ಪೆನ್ನು ಕೆಳಗಿಟ್ಟು ಅಂಗಡಿಗೆ ಹೋಗಿ ಬಂದೆ. ಈಗ ಮತ್ತೆ ಬರೆಯುತ್ತಿದ್ದೇನೆ. ನಾನೂ ಆ ಕಟ್ಟೆಯ ಮೇಲೆ ಕುಳಿತವಳೇ. ಹೇಮಾ ನನಗೆ ಬರಿಯ ಗೆಳತಿಯಲ್ಲ. ನೀನು ಮತ್ತು ಅಪ್ಪ ಹೇಗೋ, ನಾವು ಹಾಗೆ. ನಾನು ಮದುವೆಯಾಗುವುದಿಲ್ಲ. ಇವಳ ಜೊತೆಯೇ ಇರುತ್ತೇನೆ. ಸುಖವಾಗಿದ್ದೇನೆ.

ಊರಿಗೆ ಬರಬೇಡ ಎಂದರೆ ಬರುವುದಿಲ್ಲ. ಆದರೆ ಅದನ್ನಾದರೂ ಬರೆ.

ನಿನ್ನ
ಶೈಲು


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕಂಪ್ಲಿ
28 ಆಗಸ್ಟ್ 2006

ಚಿರಂಜೀವಿ ಶೈಲಶ್ರೀಗೆ ಅವ್ವನ ಆಶೀರ್ವಾದ.

ಇಷ್ಟು ದಿನ ಉತ್ತರವಿಲ್ಲದ್ದಕ್ಕೆ ಅವ್ವ ಸಿಟ್ಟಾಗಿದ್ದಾಳೆ ಎಂದು ತಿಳಿದಿರುತ್ತೀ. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನಿನಗೆ ಹೊಟ್ಟೆನೋವು ಬಂದರೆ ಓಂಕಾಳಿನ ಕಷಾಯ ಕೊಡಲು ನನಗೆ ಗೊತ್ತು. ಇದಕ್ಕೆ ಏನು ಕೊಡಬೇಕೆಂದು ತಿಳಿಯದೆ ಕುಳಿತಿದ್ದೆ. ಆಮೇಲೆ ಪತ್ರವನ್ನು ಇನ್ನೊಮ್ಮೆ ಓದಿದೆ. ನೋವು ಎಂದು ನೀನು ಎಲ್ಲೂ ಬರೆದೇ ಇಲ್ಲ. ಸುಖವಾಗಿದ್ದೇನೆ ಎಂದು ಬರೆದಿದ್ದೀ. ಸುಖಕ್ಕೆ ಕಷಾಯ ಯಾಕೆ?

ಶ್ರಾವಣದ ಕಡೇ ಸೋಮವಾರ ಹಂಪಿಗೆ ಹೋಗಿದ್ದೆ. ಪತ್ರ ಕುಪ್ಪಸದಲ್ಲಿತ್ತು. ವಿರೂಪಾಕ್ಷನ ಮುಂದೆ ನಿಂತಾಗ ಪೂಜಾರಿ ಯಾರ ಹೆಸರಲ್ಲಿ ಅರ್ಚನೆ ಎಂದು ಕೇಳಿದ. ಶೈಲಶ್ರೀ ಅಂದೆ. ಸ್ವಲ್ಪ ತಡೆದು ಹೇಮಾವತಿ ಅಂದೆ. ನಕ್ಷತ್ರ ಕೇಳಿದ. ಅವಳದು ನನಗೆ ಗೊತ್ತಿರಲಿಲ್ಲ, ದೇವರಿಗೆ ಗೊತ್ತಿರುತ್ತದೆ ಅಂದೆ. ಬೇಡಿಕೊಂಡದ್ದು ಏನೂ ಇಲ್ಲ. ಹೇಳಿ ಬಂದೆ, ಅಷ್ಟೇ. ಮರಳಿ ಬರುವಾಗ ಕಮಲಾಪುರದಲ್ಲಿ ಬಸ್ಸು ಕಾಯುತ್ತಾ ಬಾಳೆಹಣ್ಣು ತಿಂದೆ. ಮನಸ್ಸು ಹಗುರಾದರೆ ಹಸಿವಾಗುತ್ತದೆ.

ನಿನ್ನ ಆ ಪದವನ್ನೂ ಬಸ್ಸಿನಲ್ಲೇ ಯೋಚಿಸಿದೆ. ಅದು ನಮಗೆ ಹೊಸದೇ? ಡ್ಯಾಮಿನ ನೀರು ಮೊದಲ ಸಲ ಬಂದ ದಿನ ನಿಮ್ಮಜ್ಜ ಉಟ್ಟ ಧೋತರದಲ್ಲೇ ಕಾಲುವೆಗೆ ಇಳಿದು, ಎತ್ತುಗಳ ಜೊತೆ ನಿಂತು ಸಂಜೆಯವರೆಗೆ ನಕ್ಕರಂತೆ. ಊರವರು ತಿಕ್ಕಲಯ್ಯ ಎಂದರು. ನಾನು ಸೊಸೆಯಾಗಿ ಬಂದಾಗ ನಮ್ಮ ಮನೆಯನ್ನು ತಿಕ್ಕಲಯ್ಯನ ಮನೆ ಎಂದೇ ಕರೆಯುತ್ತಿದ್ದರು, ನಿಮ್ಮಪ್ಪನ ಮುಖ ಹುಳ್ಳಗಾಗುತ್ತಿತ್ತು. ಈಗ ನೋಡು, ಹಾಲೇಶ ಲಾರಿಯ ಹಣೆಯ ಮೇಲೆ 'ತಿಕ್ಕಲಯ್ಯನವರ' ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದಾನೆ. ಸುತ್ತ ಹೂಬಳ್ಳಿ ಬೇರೆ. ಸಂಡೂರಿನ ಗಣಿಯ ದಾರಿಯಲ್ಲೆಲ್ಲ ಅದೇ ಹೆಸರಿನಿಂದ ಅವನನ್ನು ಕರೆಯುತ್ತಾರಂತೆ, ಅವನು ಹಾರ್ನ್ ಹೊಡೆದು ಓಗೊಡುತ್ತಾನಂತೆ. ನೀವೂ ಅದನ್ನೇ ಮಾಡಿದ್ದೀರಿ. ಇಷ್ಟಕ್ಕೆ ಡಿಕ್ಷನರಿ ಬೇಕಿರಲಿಲ್ಲ.

ಕಾಲುವೆಯ ಮಾತಿಗೆ ನನ್ನದೊಂದು ತಕರಾರಿದೆ. ಕಾಲುವೆ ಇಲ್ಲದಿದ್ದರೆ ಕಂಪ್ಲಿಯಲ್ಲಿ ಭತ್ತವಿಲ್ಲ, ನಿನ್ನ ಓದಿಗೆ ಮಿಲ್ಲೂ ಇಲ್ಲ. ಇದನ್ನೂ ನಿನ್ನ ಥಿಯರಿಯಲ್ಲಿ ಬರೆ. ಆದರೆ ಕಾಲುವೆ ನೆಟ್ಟಗಿದೆ ಎಂದು ಹೊಳೆಯನ್ನು ಯಾರೂ ತಪ್ಪು ಎನ್ನುವುದಿಲ್ಲ. ತುಂಗಭದ್ರೆ ಹಂಪಿಯಲ್ಲಿ ಎಷ್ಟು ಬಳುಕಿದ್ದಾಳೆ, ಅಲ್ಲೇ ದೇವರು ಹೋಗಿ ಕುಳಿತಿದ್ದಾನೆ.

ನಿನ್ನನ್ನು ನೋಡಲು ಹೊಸಪೇಟೆಯ ಗಂಡು ಬಂದಿದ್ದು ನೆನಪಿದೆಯೇ? ನೀನು ವರನ ಮುಖ ನೋಡಲಿಲ್ಲ. ಅವನ ತಂಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹರಟುತ್ತಾ ಕುಳಿತೆ, ಹೋಗುವಾಗ ನಿನ್ನ ಗಾಜಿನ ಬಳೆ ಅವಳಿಗೆ ತೊಡಿಸಿ ಕಳಿಸಿದೆ. ಸಂಬಂಧ ಒಲ್ಲೆ ಎಂದು ಅವರು ಹೇಳಿ ಕಳಿಸಿದರೂ ಆ ಹುಡುಗಿ ಎರಡು ಸಲ ನಿನ್ನನ್ನು ಕೇಳಿಕೊಂಡು ಬಂದಿದ್ದಳು. ಅದನ್ನು ನೆನೆದು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದಾಕೆ ನನ್ನನ್ನು ತಿಕ್ಕಲಿ ಎಂದುಕೊಂಡಿರಬೇಕು.

ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಹೇಮಾವತಿಯ ನಕ್ಷತ್ರ ಬರೆದು ಕಳಿಸು.

ನಿನ್ನ ಅವ್ವ
ಜಂಬಮ್ಮ


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕಂಪ್ಲಿ
22 ನವೆಂಬರ್ 2006

ಚಿರಂಜೀವಿ ಶೈಲಶ್ರೀಗೆ ಅವ್ವನ ಆಶೀರ್ವಾದ.

ನೀನು ಸೋದರತ್ತೆಯಾದೆ. ಶನಿವಾರ ಬೆಳಗಿನ ಜಾವ ಹೊಸಪೇಟೆಯಲ್ಲಿ ಸುನಿತಾ ಹೆಣ್ಣುಕೂಸು ಹೆತ್ತಳು. ಕೆಂಪಗೇ ಇದೆ, ಹಾಲೇಶನನ್ನು ಕಾಡಿಸಲು ಅವಳಿಗೆ ಒಳ್ಳೆಯದಾಯಿತು. ಅವನು ಗಣಿಯಲ್ಲಿ ಲಾರಿ ತೂಗುವ ಕಾಟಾದ ಮುಂದೆ ಲಾರಿ ನಿಲ್ಲಿಸಿ ಹಿಂದೆ ಸಾಲುಗಟ್ಟಿದವರಿಗೆಲ್ಲ ಪೇಢೆ ಹಂಚಿದನಂತೆ. ಹಾರ್ನ್ ಹೊಡೆದವರೂ ಪೇಢೆ ತಿಂದು ಸುಮ್ಮನಾದರಂತೆ.

ಇನ್ನೊಂದು ಸುದ್ದಿ ಇದೆ. ಅದನ್ನು ಮೊದಲೇ ಬರೆಯಬೇಕಿತ್ತು. ನಿಮ್ಮಪ್ಪನಿಗೆ ನಿನ್ನ ವಿಷಯ ಹೇಳಿದೆ. ಮನೆಗಿಂತ ಮಿಲ್ಲೇ ವಾಸಿ, ಯಂತ್ರದ ಸದ್ದಿನಲ್ಲಿ ಬೇರೆಯವರಿಗೆ ಕೇಳುವುದಿಲ್ಲ ಎಂದು ಲೆಕ್ಕ ಹಾಕಿ ಬುತ್ತಿ ತೆಗೆದುಕೊಂಡು ಹೋದೆ. ಬೇರೆಯವರಿಗೆ ಕೇಳಲಿಲ್ಲ, ನಿಮ್ಮಪ್ಪನಿಗೂ ಕೇಳಲಿಲ್ಲ. ಏನಂದಿ ಎಂದು ಕಿವಿಗೆ ಕೈ ಹಚ್ಚಿದರು. ಇನ್ನಷ್ಟು ಜೋರಾಗಿ ಹೇಳಿದೆ. ಮತ್ತೆ ಏನಂದಿ ಎಂದರು. ನಾನು ದೊಡ್ಡ ದನಿ ತೆಗೆದು, "ಶೈಲು ಗಂಡಸನ್ನ ಮದಿವಿ ಆಗಂಗಿಲ್ಲಂತ, ಯಶವಂತನಗರದ ಹುಡುಗಿ ಕೂಡ ಬಾಳೇವು ಮಾಡ್ತಾಳಂತ" ಎಂದು ಕೂಗಿದೆ. ಅರ್ಧಕ್ಕೆ ಕರೆಂಟು ಹೋಯಿತು. ಯಂತ್ರ ನಿಂತಿತು, ನನ್ನ ಬಾಯಿ ನಿಲ್ಲಲಿಲ್ಲ. ಹಮಾಲರು, ಭತ್ತದ ಬಂಡಿಯವರು, ತೌಡು ಒಯ್ಯಲು ಬಂದ ಹೆಂಗಸರು, ಎಲ್ಲರೂ ಇದ್ದಲ್ಲೇ ನಿಂತರು. ಕಂಪ್ಲಿಗೆ ಇನ್ನು ಬೇರೆ ಯಾರೂ ಸುದ್ದಿ ಹೇಳಬೇಕಾಗಿಲ್ಲ.

ನೀನು ನಗುತ್ತೀ ಎಂದು ಗೊತ್ತು. ನಾನೂ ಈಗ ನಗುತ್ತೇನೆ. ಅಂದು ನಿಮ್ಮಪ್ಪ ನಗಲಿಲ್ಲ. ಬುತ್ತಿ ಬಿಚ್ಚದೆ ಮನೆಗೆ ಕಳಿಸಿದರು. ಸಂಜೆ ಬಂದು ಕಾಲು ತೊಳೆದುಕೊಂಡು, "ಆಕಿ ಈ ಹೊಸ್ತಿಲ ತುಳಿಯೋದು ಬ್ಯಾಡ" ಎಂದರು. ಆಮೇಲಿಂದ ನಿನ್ನ ಹೆಸರು ಎತ್ತಿಲ್ಲ.

ಇಲ್ಲೇ ತೊಡಕು ಬಂದಿದೆ. ಬಾಣಂತಿ ಮಾಘದಲ್ಲಿ ನಮ್ಮ ಮನೆಗೆ ಬರುತ್ತಾಳೆ, ತೊಟ್ಟಿಲು ಇಲ್ಲೇ. ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳಿದ ಕೂಡಲೇ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ನಿನ್ನ ತೊಟ್ಟಿಲಲ್ಲಿ ನಿಮ್ಮ ಸೋದರತ್ತೆ ತಿಂದ ಗುದ್ದು ಎಷ್ಟೆಂದರೆ, ಊಟಕ್ಕೆ ಕುಳಿತಾಗ ಗೋಡೆಗೆ ಒರಗಲು ಆಗದೆ ನೆಟ್ಟಗೆ ಕುಳಿತಿದ್ದಳು. ಹಾಲೇಶನಿಗೆ ಒಡಹುಟ್ಟಿದವಳು ನೀನೊಬ್ಬಳೇ. ನಿಮ್ಮಪ್ಪ ಗಂಗಾವತಿಯಿಂದ ನಿಮ್ಮ ದೊಡ್ಡಪ್ಪನ ಮಗಳನ್ನು ಕರೆಸುತ್ತಾರಂತೆ. ಸುನಿತಾಳ ತಾಯಿಯೂ ಅದೇ ಸರಿ, ಶುಭಕಾರ್ಯದಲ್ಲಿ ನಾಲ್ಕು ಮಾತು ಬರಬಾರದು ಎಂದಿದ್ದಾರೆ.

ನನ್ನ ಮೊಮ್ಮಗಳ ಕಿವಿಗೆ ಮೊದಲು ಬೀಳುವ ಹೆಸರು ನಿನ್ನ ಬಾಯಿಂದಲೇ ಬೀಳಬೇಕು. ನನಗೆ ಬೇರೆ ಆಸೆ ಇಲ್ಲ.

ನಿನ್ನ ಅವ್ವ
ಜಂಬಮ್ಮ


ಹೈದರಾಬಾದ್
3 ಡಿಸೆಂಬರ್ 2006

ಅವ್ವಾ,

ಕರೆಂಟು ಹೋದ ಕಥೆಯನ್ನು ಹೇಮಾಗೆ ಓದಿ ಹೇಳುವಷ್ಟರಲ್ಲಿ ಇಬ್ಬರೂ ನಕ್ಕು ನಕ್ಕು ನೆಲದ ಮೇಲಿದ್ದೆವು. ಆಮೇಲೆ ಅಪ್ಪನ ಮಾತಿಗೆ ಬಂದಾಗ ಅವಳೇ ಎದ್ದು ಹೋಗಿ ಬಾಗಿಲ ಹತ್ತಿರ ನಿಂತಳು.

ನನಗೋಸ್ಕರ ಜಗಳವಾಡಬೇಡ. ಗಂಗಾವತಿಯ ಅಕ್ಕ ಒಳ್ಳೆಯವಳು, ಅವಳೇ ಹೆಸರಿಡಲಿ. ಕೂಸನ್ನು ಎತ್ತಿಕೊಳ್ಳಬೇಕೆಂದು ಕೈ ತುರಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬಂದರೆ ನಾವಿಬ್ಬರೂ ಬರುತ್ತೇವೆ. ಇವಳನ್ನು ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ನಾನೊಬ್ಬಳೇ ಮನೆಗೆ ಬಂದು ಹೋಳಿಗೆ ತಿನ್ನಲಾರೆ.

ತಿಕ್ಕಲಯ್ಯಜ್ಜನ ಕಥೆಯನ್ನು ಸೆಮಿನಾರಿನಲ್ಲಿ ಹೇಳಿದೆ. ನಮ್ಮ ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡು, ನಿಮ್ಮ ತಾಯಿ ಏನು ಓದಿದ್ದಾರೆ ಎಂದರು. ಹಂಪಿಯವರೆಗಿನ ಬಸ್ಸಿನ ಬೋರ್ಡು ಓದುತ್ತಾರೆ ಎಂದೆ.

ಆಗಲೇ ಬರೆಯಲು ಮರೆತಿದ್ದೆ, ಹೇಮಾಳದು ರೋಹಿಣಿ ನಕ್ಷತ್ರ.

ನಿನ್ನ
ಶೈಲು


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕಂಪ್ಲಿ
17 ಜನವರಿ 2007

ಚಿರಂಜೀವಿ ಶೈಲಶ್ರೀಗೆ ಅವ್ವನ ಆಶೀರ್ವಾದ.

ಸಂಕ್ರಾಂತಿಯ ಎಳ್ಳು ಕಳಿಸಿದ್ದೇನೆ. ಇಬ್ಬರ ಪಾಲು.

ನಾನು ಯಶವಂತನಗರಕ್ಕೆ ಹೋಗಿ ಬಂದೆ. ನಿನ್ನನ್ನು ಕೇಳಲಿಲ್ಲ, ಕೇಳಿದರೆ ಬೇಡ ಎನ್ನುತ್ತಿದ್ದೆ. ಹಾಲೇಶ ಖಾಲಿ ಲಾರಿ ತೆಗೆದುಕೊಂಡು ಹೊರಟಿದ್ದ, ಹತ್ತಿ ಕುಳಿತೆ. ಹೊಸಪೇಟೆ ದಾಟಿದೆವು. ಘಟ್ಟದ ತಿರುವಿನಲ್ಲಿ ಮುಂದೆ ಲಾರಿಗಳು ನಿಂತಿದ್ದವು, ಅವನೂ ನಿಲ್ಲಿಸಿದ. "ಅಂದ್ರ ಯವ್ವಾ, ನನಗ ಮಾವ ಅನ್ನಾಕ ಯಾರೂ ಬರಂಗಿಲ್ಲ" ಎಂದ. ತಂಗಿಯ ಗಂಡ ತನ್ನನ್ನು ಹಾಗೆ ಕರೆಯಬೇಕು, ತಾನು ಅವನನ್ನು ಜಬರಿಸಬೇಕು ಎಂದು ಆಸೆಯಿತ್ತಂತೆ. ಹೇಮಾವತಿಯನ್ನು ಜಬರಿಸು ಎಂದೆ. "ಆಕಿ ಸೂಜಿ ಚುಚ್ಚಾಕಿ, ಬ್ಯಾಡ" ಎಂದು ನಕ್ಕ. ಆಮೇಲೆ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು, "ನನ್ನ ಮಗಳಿಗೆ ಸೋದರತ್ತಿ ಶೈಲುನ. ಅಪ್ಪಗ ಹೇಳಾಕ ನನಗ ಬಾಯಿ ಬರವಲ್ದು, ನೀನ ಏನರ ಮಾಡು" ಎಂದ. ಗಂಡುಮಕ್ಕಳಿಗೆ ಘಟ್ಟ ಹತ್ತಿಸಲು ಬರುತ್ತದೆ, ಇಂಥದ್ದು ಬರುವುದಿಲ್ಲ.

ಹೇಮಾವತಿಯ ತಂದೆ ಎರ್ರೆಪ್ಪ ಗಣಿಯ ಕೆಲಸಕ್ಕೆ ಹೋಗಲು ಹೊರಡುತ್ತಿದ್ದರು. ಶೈಲಶ್ರೀಯ ತಾಯಿ ಎಂದು ಕೇಳಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವಳ ತಾಯಿ ತಾಯಕ್ಕ ನೀರು ಕೊಟ್ಟು ದೂರ ಸರಿದು ನಿಂತರು. ಜಗಳಕ್ಕೆ ಬಂದಿದ್ದೇನೆ ಎಂದು ತಿಳಿದಿದ್ದರು, ಪಾಪ. ಅವರ ಗೋಡೆಯ ಮೇಲೆ ಹೇಮಾವತಿಯ ಪಕ್ಕ ನೀನಿರುವ ಫೋಟೋ ಇದೆ. ಬಾಗಿಲು, ಗೂಡು, ಗಡಿಯಾರ ಎಲ್ಲದರ ಮೇಲೂ ಕೆಂಪು ಧೂಳು ಕುಳಿತಿತ್ತು. ಆ ಫೋಟೋ ಮಾತ್ರ ಫಳಫಳ ಇತ್ತು. ದಿನಾ ಒರೆಸುವವರು ಎರ್ರೆಪ್ಪನವರಂತೆ. ನನ್ನ ಮಗಳ ಮುಖದ ಮೇಲಿನ ಧೂಳನ್ನು ನಾನು ಕಾಣದವರು ದಿನಾ ಒರೆಸುತ್ತಿದ್ದಾರೆ. ನನಗೆ ಕುಳಿತುಕೊಳ್ಳಬೇಕೆನಿಸಿತು, ಕುಳಿತೆ.

ಆಮೇಲೆ ಮಾತು ತಾನಾಗಿ ಬಂತು. ತಾಯಕ್ಕ ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಂಡೆ. ಲಿಂಗ ಕಟ್ಟದವರ ಮನೆಯಲ್ಲಿ ಉಂಡದ್ದನ್ನು ನಿಮ್ಮಪ್ಪನಿಗೆ ಹೇಳುವಾಗ ಕರೆಂಟು ನೋಡಿಕೊಳ್ಳಬೇಕು. ಹೊರಡುವಾಗ ತಾಯಕ್ಕ ನನಗೆ ಉಡಿ ತುಂಬುತ್ತಾ, ನಾಚಿಕೊಂಡು, "ನಾವು ಒಬ್ರಿಗೊಬ್ರು ಏನಾಗಬೇಕ್ರಿ? ಬೀಗಿತ್ತಿ ಅನ್ಲೇನ್ರಿ?" ಎಂದರು. ಅನ್ನಿರಿ ಎಂದೆ. ಇಬ್ಬರೂ ಬಾಯಿಗೆ ಸೆರಗು ಹಚ್ಚಿ ನಕ್ಕೆವು. ಎರ್ರೆಪ್ಪ ಯಾಕೆಂದು ತಿಳಿಯದೆಯೂ ನಕ್ಕರು.

ನಿನ್ನ ಅವ್ವ
ಜಂಬಮ್ಮ


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕಂಪ್ಲಿ
26 ಫೆಬ್ರವರಿ 2007

ಚಿರಂಜೀವಿ ಶೈಲಶ್ರೀಗೆ ಅವ್ವನ ಆಶೀರ್ವಾದ.

ನಿನ್ನೆ ತೊಟ್ಟಿಲು ಆಯಿತು. ಅಲ್ಲ, ಆಗಲಿಲ್ಲ. ಹೇಳುತ್ತೇನೆ.

ಕರೆಂಟು ಹೋದ ದಿನದಿಂದ ಮಠದ ಅಕ್ಕನ ಬಳಗದಲ್ಲಿ ನಾನು ಬಂದರೆ ಹೆಂಗಸರ ಮಾತು ನಿಂತುಬಿಡುತ್ತಿತ್ತು. ಅದಕ್ಕೇ ಹೋದ ತಿಂಗಳು ಒಂದು ಸೋಮವಾರ ಭಜನೆ ಮುಗಿದ ಮೇಲೆ ನಾನೇ ನಿನ್ನ ಥಿಯರಿಯನ್ನು ಹೇಳಿದೆ. ಬೈಗುಳವನ್ನು ಹೆಸರು ಮಾಡಿಕೊಂಡದ್ದು ಹೇಳಿದೆ, ಕಾಲುವೆಯದು ಹೇಳಿದೆ. ಇದು ಉತ್ತರ ಕೊಡುವ ಶಾಸ್ತ್ರವಲ್ಲ, ಕೇಳುವ ಶಾಸ್ತ್ರ ಎಂದೆ. ಆಗ ಹಂಪಮ್ಮತ್ತೆ, ಬಳಗದಲ್ಲಿ ಎಲ್ಲರಿಗಿಂತ ಹಿರಿಯರು, ಗಂಡ ಸತ್ತ ದಿನದಿಂದ ಯಾರ ಮನೆಯ ಕಾರ್ಯದಲ್ಲೂ ಹಿಂದಿನ ಸಾಲಿನಲ್ಲೇ ಕುಳಿತವರು, ಗಂಟಲು ಸರಿ ಮಾಡಿಕೊಂಡರು. "ಹಿಂಗ ಇರಬೇಕಂತ ಹೇಳಿದವರು ಯಾರು ಅಂತ ಕೇಳೋದು. ಅಷ್ಟನಾ? ಅದನ್ನ ನಾ ಮನಸಿನಾಗ ಎಷ್ಟು ವರ್ಷದಿಂದ ಕೇಳಾಕತ್ತೀನಿ" ಎಂದರು. ಹಾಗಾದರೆ ಹಂಪಮ್ಮತ್ತೆಯೂ ಕ್ವೀರೇ ಎಂದು ಯಾರೋ ಹಿಂದಿನಿಂದ ಅಂದರು. ಮಠದಲ್ಲಿ ಹಾಗೆ ನಕ್ಕದ್ದು ನಾನು ಕಂಡಿಲ್ಲ, ಸ್ವಾಮಿಗಳು ಒಳಗಿನಿಂದ ಇಣುಕಿದರು. ನಿನ್ನ ಥಿಯರಿಯಲ್ಲಿ ಹಂಪಮ್ಮತ್ತೆಗೆ ಜಾಗ ಇದೆಯೋ ಇಲ್ಲವೋ ಬರೆ, ಅವರು ಕೇಳುತ್ತಿದ್ದಾರೆ.

ಇನ್ನು ನಿನ್ನೆಯದು. ತೊಟ್ಟಿಲಿಗೆ ಹೂ ಸುತ್ತಿ ಆಯಿತು. ಗಂಗಾವತಿಯಾಕೆ ಹೊಸ ಸೀರೆ ಉಟ್ಟು ಬಂದಳು. ನಿಮ್ಮಪ್ಪ ಆರಿಸಿದ್ದ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಿ ಬೆನ್ನು ಬಾಗಿಸಿದಳು. ಗುದ್ದು ಬೀಳಲಿಲ್ಲ. ಬಳಗದ ಹೆಂಗಸರೆಲ್ಲ ಮಡಿಲಲ್ಲಿ ಕೈ ಇಟ್ಟುಕೊಂಡು ತೊಟ್ಟಿಲ ಹೂವನ್ನೇ ನೋಡುತ್ತಾ ಕುಳಿತಿದ್ದರು. ನಾನು ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ, ಲಿಂಗದ ಮೇಲೆ ಆಣೆ. ಗಂಗಾವತಿಯಾಕೆ ಬಾಗಿದಲ್ಲಿಂದಲೇ ತಿರುಗಿ, "ಯಾರರ ಗುದ್ರೆವಾ, ಸೊಂಟ ಹಿಡಿಯಾಕತ್ತೈತಿ" ಎಂದಳು. ಆಗ ಹಂಪಮ್ಮತ್ತೆ, "ಒಡಹುಟ್ಟಿದಾಕಿ ಇರೋತನಕ ನಮ್ಮ ಕೈ ಏಳಂಗಿಲ್ಲವ್ವ, ನಿನ್ನ ಮ್ಯಾಲ ಸಿಟ್ಟಿಲ್ಲ" ಎಂದರು. ಅವಳೂ ಜಾಣೆ. ಹಾಗಾದರೆ ನನಗೂ ಪೆಟ್ಟು ತಪ್ಪಿತು ಎಂದು ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು. ಗುದ್ದು ಬೀಳದ ಹೆಸರು ಕೂಸಿಗೆ ಹತ್ತುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಎಲ್ಲರೂ ಎದ್ದು ಹೋಳಿಗೆ ಉಂಡರು, ಅಡಿಗೆ ಚೆನ್ನಾಗಿದೆ ಎಂದರು, ಹೋದರು. ಕೂಸು ಇನ್ನೂ ಬರಿಯ ಕೂಸೇ ಆಗಿದೆ.

ನಿಮ್ಮಪ್ಪ ಹಿತ್ತಲಲ್ಲಿ ಕುಳಿತರು. ಊಟಕ್ಕೆ ಕರೆದರೆ ಬರಲಿಲ್ಲ. ಇಂದು ಬೆಳಿಗ್ಗೆ ಮಿಲ್ಲಿಗೆ ಹೊರಡುವಾಗ ಕೂಸಿನ ಹತ್ತಿರ ಹೋದರು. ಕರೆಯಲು ಬಾಯಿ ತೆರೆದವರು, ಕರೆಯಲು ಹೆಸರಿಲ್ಲದೆ ಸುಮ್ಮನೆ ನಿಂತರು. ಆಮೇಲೆ ನನ್ನ ಕಡೆ ನೋಡದೆ, "ಬರಲಿ ಆಕಿ. ಆದರ ಒಬ್ಬಾಕಿನ ಬರಲಿ" ಎಂದರು.

ಅವರು ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ. ಇನ್ನು ನಾನು ಹೇಳುವುದು. ಯುಗಾದಿ ಕಳೆದ ಮೇಲೆ ಬರುವ ಭಾನುವಾರ ತೊಟ್ಟಿಲು ಮತ್ತೆ ಕಟ್ಟುತ್ತೇನೆ. ನೀನೂ ಹೇಮಾವತಿಯೂ ಬರಬೇಕು. ಇಬ್ಬರನ್ನೂ ಕರೆಯುತ್ತೇನೆ ಎಂದು ಅವರ ಎದುರಿಗೇ ಹೇಳಿದೆ. ಕರೆಂಟು ಇತ್ತೋ ಇಲ್ಲವೋ ಗಮನಿಸಲಿಲ್ಲ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದರು. ಹೊಸ್ತಿಲಲ್ಲಿ ನಾನು ನಿಂತಿರುತ್ತೇನೆ.

ನಿನ್ನ ಅವ್ವ
ಜಂಬಮ್ಮ


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕಂಪ್ಲಿ
27 ಮಾರ್ಚ್ 2007

ಚಿರಂಜೀವಿ ಶೈಲಶ್ರೀಗೂ ಚಿರಂಜೀವಿ ಹೇಮಾವತಿಗೂ ಅವ್ವನ ಆಶೀರ್ವಾದ.

ಬಸ್ಸಿನಲ್ಲಿ ಸೀಟು ಸಿಕ್ಕಿತೇ? ಬುತ್ತಿಯಲ್ಲಿದ್ದ ಕರದಂಟನ್ನು ನಿಮ್ಮನ್ನು ಹೊಸಪೇಟೆಗೆ ಬಿಡಲು ಬಂದ ಹಾಲೇಶ ದಾರಿಯಲ್ಲೇ ತಿಂದಿದ್ದರೆ ಬರೆಯಿರಿ, ಅವನಿಗಿದೆ.

ನೀವು ಹೋದ ಮೇಲೆ ಮನೆಯಲ್ಲಿ ಪಂಪಾ, ಪಂಪಾ ಎಂಬುದು ಬಿಟ್ಟು ಬೇರೆ ಮಾತಿಲ್ಲ. ಕೂಸು ಕರೆದರೆ ತಿರುಗುತ್ತದೆ ಎಂದು ಸುನಿತಾ ಹೇಳುತ್ತಾಳೆ. ನಾಲ್ಕು ತಿಂಗಳ ಕೂಸು ಯಾರು ಕರೆದರೂ ತಿರುಗುತ್ತದೆ. ಇರಲಿ, ಹೊಳೆಯ ಹೆಸರು, ದೇವಿಯ ಹೆಸರು, ನನಗೆ ಮನಸ್ಸು ತುಂಬಿದೆ.

ನೀವಿಬ್ಬರೂ ಅಲ್ಲೇ ಇದ್ದರೂ ನಿಮಗೆ ಕಾಣದ್ದನ್ನು ಬರೆಯಬೇಕೆಂದೇ ಈ ಪತ್ರ. ಶೈಲು, ನೀನು ತೊಟ್ಟಿಲೊಳಗೆ ತಲೆ ಹಾಕಿದ್ದೆ. ನಿನಗೆ ಕೂಸಿನ ಕಿವಿ ಬಿಟ್ಟು ಬೇರೇನೂ ಕಂಡಿರಲಿಕ್ಕಿಲ್ಲ. ಮೊದಲ ಗುದ್ದು ಹಂಪಮ್ಮತ್ತೆಯದು. ಅವರನ್ನು ಮುಂದಿನ ಸಾಲಿಗೆ ನಾನೇ ಕೈ ಹಿಡಿದು ಕರೆತಂದಿದ್ದೆ. ಹಿಂದೆ ಕುಳಿತು ಕುಳಿತು ಕೂಡಿಟ್ಟಿದ್ದ ಬಲವನ್ನೆಲ್ಲ ಒಂದೇ ಏಟಿಗೆ ತೆಗೆದರು. ಎರಡನೆಯದು ಗಂಗಾವತಿಯಾಕೆಯದು, ಅದಕ್ಕೆಂದೇ ಮತ್ತೆ ಬಂದಿದ್ದಳು. ಆಮೇಲೆ ಯಾರದು ಯಾವುದು ಎಂದು ತಿಳಿಯಲಿಲ್ಲ.

ಹೇಮಾವತಿ, ನೀನು ಕಂಬಕ್ಕೆ ಆನಿಕೊಂಡು ನಿಂತಿದ್ದೆ. ಯಾವಾಗ ಹೊರಗೆ ಹೋಗು ಎನ್ನುತ್ತಾರೋ ಎಂಬಂತೆ ಚೀಲ ಹೆಗಲ ಮೇಲೇ ಇತ್ತು. ನಿನ್ನನ್ನು ಹಿಂದಿನಿಂದ ಎಳೆದವರು ಯಾರೆಂದು ಬಸ್‌ಸ್ಟ್ಯಾಂಡಿನಲ್ಲಿ ಹಾಲೇಶನನ್ನು ಕೇಳಿದೆಯಂತೆ. ಸುನಿತಾಳ ತಾಯಿ. ಶುಭಕಾರ್ಯದಲ್ಲಿ ನಾಲ್ಕು ಮಾತು ಬರಬಾರದು ಎಂದವರೇ. ಅವರು ಬಹಳ ಹೊತ್ತು ನಿನ್ನನ್ನು ನೋಡುತ್ತಿದ್ದರು. ಕೂಸು ಅತ್ತಾಗ ನೀನು ಯಾರಿಗೂ ಹೇಳದೆ ತೊಟ್ಟಿಲಿಗೆ ಬಗ್ಗಿ, ಅದರ ಗಲ್ಲದ ಕೆಳಗೆ ಬಿಚ್ಚಿಹೋಗಿದ್ದ ಕುಂಚಿಗೆಯ ದಾರ ಕಟ್ಟಿ ಮತ್ತೆ ಕಂಬದ ಹತ್ತಿರ ಹೋಗಿ ನಿಂತೆ. ಆಗ ಅವರು ನಿನ್ನ ಚೀಲ ತೆಗೆದು ಮೂಲೆಗಿಟ್ಟರು, ರಟ್ಟೆ ಹಿಡಿದು ಎಳೆದರು, "ಬಾ ಇಲ್ಲಿ, ಒಬ್ಬಾಕಿನ ಎಷ್ಟಂತ ತಿಂತಾಳ? ನಿನ್ನ ಪಾಲು ನೀ ತಗೋ" ಎಂದು ಶೈಲುವಿನ ಪಕ್ಕ ಬಾಗಿಸಿದರು. ಅಷ್ಟೇ ಸಾಕಾಗಿತ್ತು, ಬಳಗವೆಲ್ಲ ನಿನ್ನ ಮೇಲೆ ಬಿತ್ತು.

ನಾನು ನಿಮ್ಮ ಬೆನ್ನು ನೋಡಲಿಲ್ಲ. ಹಿತ್ತಲ ಬಾಗಿಲು ನೋಡುತ್ತಿದ್ದೆ. ಬೆಳಿಗ್ಗೆ ಭತ್ತ ಬಂದಿದೆ ಎಂದು ಮಿಲ್ಲಿಗೆ ಹೋದವರು, ನಿಮ್ಮಿಬ್ಬರಿಗೂ ಮುಖ ಕೊಡದೆ ಹೋದ ನಿಮ್ಮಪ್ಪ, ಅಲ್ಲಿ ನಿಂತಿದ್ದರು. ತಲೆ, ಹುಬ್ಬು, ಮೀಸೆ ಎಲ್ಲ ತೌಡು. ತೊಟ್ಟಿಲ ಕೋಣೆಗೆ ಗಂಡಸರು ಬರುವ ಪದ್ಧತಿ ಇಲ್ಲ, ಆದ್ದರಿಂದ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹೆಂಗಸರ ಗದ್ದಲದಲ್ಲಿ ಅವರ ಮಾತು ನಿಮಗೆ ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತು.

"ಏ, ಮೆಲ್ಲಗ್ರೆವಾ, ಮೆಲ್ಲಗ. ಆಕಿ ನಮ್ಮನಿಗೆ ಹೊಸಬಾಕಿ."

ಯಾರೂ ಮೆಲ್ಲಗೆ ಮಾಡಲಿಲ್ಲ. ಅವರೂ ಮತ್ತೆ ಹೇಳಲಿಲ್ಲ. ತಿರುಗಿ ಮಿಲ್ಲಿಗೆ ಹೋದರು, ಹೋಗುವಾಗ ಅಂಗಳದಲ್ಲಿದ್ದ ನಿಮ್ಮಿಬ್ಬರ ಚಪ್ಪಲಿಗಳನ್ನು ಬಿಸಿಲಿನಿಂದ ನೆರಳಿಗೆ ಸರಿಸಿದ್ದನ್ನು ಸುನಿತಾ ಕಂಡಳಂತೆ.

ಹೇಮಾವತಿ, ಸಂಜೆ ನೀನು ಬಗ್ಗಲು ಆಗದೆ ಸೊಂಟ ಹಿಡಿದುಕೊಂಡು ಹಾಲೇಶನ ಲಾರಿ ಹತ್ತಿದ್ದನ್ನು ನೋಡಿದೆ. ನಗು ತಡೆಯಲಾಗಲಿಲ್ಲ, ತಪ್ಪು ತಿಳಿಯಬೇಡ. ಎಳ್ಳೆಣ್ಣೆಗೆ ಸ್ವಲ್ಪ ಕರ್ಪೂರ ಹಾಕಿ ಬೆಚ್ಚಗೆ ಮಾಡಿ ಹಚ್ಚಿದರೆ ಹೋಗುತ್ತದೆ. ಶೈಲು, ನೀನೇ ಹಚ್ಚು. ಅವಳ ಬೆನ್ನು ಅವಳ ಕೈಗೆ ನಿಲುಕುವುದಿಲ್ಲ.

ನಿಮ್ಮ ಅವ್ವ
ಜಂಬಮ್ಮ